ಮದ್ದು ಹೊಡೆಯದ ಸಾಲು

ನನ್ನ ಮಗಳು ಯಮುನಾಳಿಗೆ ನಾಲ್ಕು ವರ್ಷವಾಗಿದ್ದಾಗ ನಮ್ಮ ಮನೆಯಲ್ಲಿ ಮೊಸರು ಕಳ್ಳಮಾಲಾಯಿತು. ಬಟ್ಟಲನ್ನು ಫ್ರಿಜ್ಜಿನ ಮೂಲೆಗೆ, ಸೊಪ್ಪಿನ ಕಟ್ಟಿನ ಮರೆಗೆ ತಳ್ಳಿ, ಅವಳು ಹಿತ್ತಿಲಿಗೆ ಹೋದಾಗ ನಾವು ದೊಡ್ಡವರು ಅಪರಾಧಿಗಳಂತೆ ಉಣ್ಣುತ್ತಿದ್ದೆವು. ಮೊಸರನ್ನವೊಂದನ್ನೇ ನಗುನಗುತ್ತ ತಿನ್ನುತ್ತಿದ್ದ ಮಗು ಅದು.

ಅವಳಿಗೆ ಆಟಿಸಂ ಇದೆಯೆಂದು ತಿಳಿದ ವರ್ಷವದು. ಮಾತಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಕೊಯಮತ್ತೂರಿನ ಒಂದು ಚಿಕಿತ್ಸಾಲಯದವರು, ಹಾಲು ಮೊಸರು ಬಿಡಿಸಿ, ಗಾಜಿನ ಕೊಳವೆಯಂಥ ಪೆಟ್ಟಿಗೆಯಲ್ಲಿ ಮಲಗಿಸಿ ಆಮ್ಲಜನಕ ಕೊಟ್ಟರೆ ಮಾತು ಬರುತ್ತದೆಂದರು. ಮಾತು ಬಂದ ಮಕ್ಕಳ ವಿಡಿಯೋ ತೋರಿಸಿದರು. ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದೆ. ಆಸೆಗೆ ಬಿದ್ದ ತಾಯಿಗೆ ಕಲಿತ ವಿದ್ಯೆಯೆಲ್ಲ ಮರೆತುಹೋಗುತ್ತದೆ, ನೋಡಿ.

ಒಂದು ದಿನ, ಸೂಲೂರಿನ ಬಳಿ ಬೇಸಾಯ ಮಾಡಿಕೊಂಡಿದ್ದ ನನ್ನ ಅತ್ತೆ ಚಿಕಿತ್ಸಾಲಯಕ್ಕೆ ಜೊತೆಗೆ ಬಂದರು. ಕನ್ನಡ ಮನೆಮಾತಾದರೂ ಅದರ ಒಂದಕ್ಷರ ಓದಲು ಬಾರದವರು. ಪೆಟ್ಟಿಗೆಯ ಬಾಗಿಲು ಮುಚ್ಚುತ್ತಲೇ ಯಮುನಾ ಕಿವಿ ಮುಚ್ಚಿಕೊಂಡು ಕಿರುಚಿದಳು. ಅತ್ತೆಯ ಮುಖ ಕಂಡು ಡಾಕ್ಟರು ತಮಿಳಿನಲ್ಲಿ ಅಜ್ಜಿ ಎಂದು ಕರೆದು ಸಮಾಧಾನ ಹೇಳಿದರು: "ಪಾಟಿ, ಮೂರು ತಿಂಗಳಲ್ಲಿ ಎಷ್ಟು ಬದಲಾಗಿದ್ದಾಳೆ ಗೊತ್ತಾ? ಈಗ ಮುಖ ನೋಡುತ್ತಾಳೆ."

ಅತ್ತೆ ತಮಿಳಿನಲ್ಲೇ ಕೇಳಿದರು: "ತಂಬಿ, ನಾವು ಬದನೆಗೆ ಹೊಸ ಮದ್ದು ಹೊಡೆದರೆ ಒಂದು ಸಾಲನ್ನು ಹೊಡೆಯದೆ ಬಿಡ್ತೀವಿ. ಇಲ್ಲಾಂದ್ರೆ ಕಾಯಿ ಬಂದಿದ್ದು ಮದ್ದಿನಿಂದಲೋ ಮಳೆಯಿಂದಲೋ ತಿಳಿಯೋದು ಹೇಗೆ? ನೀವು ಬಿಟ್ಟ ಸಾಲು ಯಾವುದು?"

"ಮಕ್ಕಳು ಗಿಡಗಳಲ್ಲ ಪಾಟಿ. ಒಂದೊಂದು ಮಗುವೂ ಒಂದೊಂದು ಥರ."

"ಹಾಗಾದ್ರೆ ಎಲ್ಲರಿಗೂ ಒಂದೇ ಪೆಟ್ಟಿಗೆ ಯಾಕೆ?"

ಡಾಕ್ಟರು ಗಡಿಯಾರ ನೋಡಿದರು. ನಾನು ನೆಲ ನೋಡಿದೆ. ಬಿಸಿಲಲ್ಲೊಂದು, ನೆರಳಲ್ಲೊಂದು ಅವರೆ ಸಸಿ ಇಡಿಸಿ, "ಹೋಲಿಸದೆ ಏನನ್ನೂ ನಂಬಬೇಡಿ" ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತಿದ್ದವಳು ನಾನೇ ಅಲ್ಲವೇ?

ಬಸ್ ಸ್ಟಾಪಿನಲ್ಲಿ ಅಳು ತಡೆಯಲಾಗಲಿಲ್ಲ. "ಏನೂ ಮಾಡದೆ ಸುಮ್ಮನೆ ಹೇಗೆ ಕೂರಲಿ ಅತ್ತೆ?"

"ಸುಮ್ಮನೆ ಕೂರಬೇಡ ಅಮ್ಮಿಣಿ, ಮಗಳೇ. ಅವಳ ಪಕ್ಕ ಕೂರು."

ಮತ್ತೆ ಆ ಬಾಗಿಲಿಗೆ ಹೋಗಲಿಲ್ಲ. ಮಾತು ಕಲಿಸುವ ಟೀಚರೊಬ್ಬರು, ಬೇಕಾದದ್ದನ್ನು ಚಿತ್ರ ತೋರಿಸಿ ಕೇಳುವುದನ್ನು ಯಮುನಾಳಿಗೆ ಅಭ್ಯಾಸ ಮಾಡಿಸಿದರು. ಪವಾಡವಿಲ್ಲದ, ಹನಿಹನಿಯಾಗಿ ತುಂಬುವ ಕೆಲಸ. ತಿಂಗಳುಗಳು ಕಳೆದು ಒಂದು ಬೆಳಗ್ಗೆ ಅವಳು ಬಸ್ಸಿನ ಚಿತ್ರವನ್ನು ತಂದು ಅಜ್ಜಿಯ ಅಂಗೈಯಲ್ಲಿಟ್ಟಳು. ಅದೇ ಅವಳ ಮೊದಲ ಕೋರಿಕೆ. ಅತ್ತೆ ಒಲೆ ಆರಿಸಿ ಚಪ್ಪಲಿ ಮೆಟ್ಟಿಯೇಬಿಟ್ಟರು.

ಈಗ ಅತ್ತೆ ಇಲ್ಲ. ಯಮುನಾಳಿಗೆ ಹದಿನಾರು, ಮಾತು ಇಂದಿಗೂ ನಾಲ್ಕಾರೇ. ಆದರೆ ಆ ದಿನ ವಾಲ್ಪಾರೈ ಘಟ್ಟ ಹತ್ತಿದ ಬಸ್ಸಿನಲ್ಲಿ, ಪ್ರತಿ ತಿರುವಿಗೂ ಅಜ್ಜಿಯ ಮೇಲೆ ವಾಲಿ ಬಿದ್ದು ಅವಳು ಗಹಗಹಿಸಿ ನಕ್ಕದ್ದು ನನ್ನ ಕಿವಿಯಲ್ಲಿನ್ನೂ ಇದೆ. ಅವಳನ್ನು ಸರಿಪಡಿಸಲೆಂದಲ್ಲದೆ, ಬರಿದೇ ಅವಳ ಸಂತೋಷಕ್ಕೆಂದು ನಾವು ಹೊರಟ ಮೊದಲ ಪ್ರಯಾಣ ಅದು.