ಹುಳ ಹಣ್ಣಾದ ದಿನ ನಮ್ಮ ಗ್ರೂಪಿನ ಕೊನೇ ಮ್ಯಾಚು

ನೀವು ನಂಬಲ್ಲ. ನಂಬಬೇಡಿ, ನನಗೇನು ನಷ್ಟ. ಆದ್ರೆ ನಮ್ಮ ದೇಶದ ಫುಟ್‌ಬಾಲ್ ಟೀಮಿನ ಅಷ್ಟು ದೊಡ್ಡ ಮ್ಯಾಚನ್ನ ನಾವು ನಾಲ್ಕು ಜನ ಹುಡುಗರು ಒಂದ್ಸಲಾನೂ ಕಿರುಚದೆ ನೋಡಿದ್ವಿ. ನಮ್ಮ ಜೊತೆ ಹನ್ನೆರಡು ಕೋಟಿ ಪ್ರೇಕ್ಷಕರಿದ್ರು, ಅವರೂ ಕಿರುಚಲಿಲ್ಲ. ಸರಿ, ಹನ್ನೆರಡು ಕೋಟಿ ಅಲ್ಲ, ಇಪ್ಪತ್ತು ಸಾವಿರ. ರೇಷ್ಮೆ ಹುಳ.

ನಮ್ಮನೆ ಶಿಡ್ಲಘಟ್ಟದ ಪಕ್ಕದ ಹಳ್ಳೀಲಿ. ಹಿತ್ತಲಲ್ಲಿ ಹುಳದ ಮನೆ. ಅಲ್ಲಿ ಅಮ್ಮನೇ ಕೋಚು, ಅಮ್ಮನೇ ರೆಫರಿ. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದೇ ಒಳಗೆ ಬರಬೇಕು. ಸೆಂಟು ಹಾಕ್ಕೊಂಡೋರು ಹೊಸಿಲು ದಾಟಂಗಿಲ್ಲ. ಗಲಾಟೆ ಮಾಡಂಗಿಲ್ಲ, ಹುಳ ಬೆಚ್ಚುತ್ತೆ. ಹುಳಕ್ಕೆ ಕಿವಿ ಐತಾ ಅಂತ ಒಂದ್ಸಲ ಕೇಳಿದೆ. "ನಿನಗೈತಲ್ಲಪ್ಪಾ, ಏನುಪಯೋಗ?" ಅಂದ್ಳು.

ಆ ವಾರ ಕೈವಾರದಲ್ಲಿ ದೊಡ್ಡಮ್ಮನ ಮೊಮ್ಮಗೂಗೆ ನಾಮಕರಣ. ಅಮ್ಮ ಹೋಗಲೇಬೇಕು. ಹುಳ ಆಗಲೇ ನಾಲ್ಕನೇ ಜ್ವರದಿಂದ ಎದ್ದಿತ್ತು. ಜ್ವರ ಅಂದ್ರೆ ಗಾಬರಿಯಾಗಬೇಡಿ. ಹುಳ ಮೇವು ಬಿಟ್ಟು, ಸುಮ್ನೆ ಕೂತು, ಪೊರೆ ಕಳಚುತ್ತಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅಂತೀವಿ. ನಾಲ್ಕು ಜ್ವರ ದಾಟಿದ ಹುಳ ಮಾತ್ರ ಗೂಡು ಕಟ್ಟೋಕೆ ಕ್ವಾಲಿಫೈ. ಅದಕ್ಕೆ ಗೋಲ್ ಡಿಫರೆನ್ಸ್ ತಲೆನೋವೂ ಇಲ್ಲ.

"ಬುಧವಾರ ಹಣ್ಣಾಗ್ತವೆ, ಅಷ್ಟೊತ್ತಿಗೆ ಬಂದಿರ್ತೀನಿ," ಅಂದ್ಳು ಅಮ್ಮ. "ಮೊದಲೇ ಹಣ್ಣಾದ್ರೆ ತಕ್ಷಣ ಫೋನ್ ಮಾಡು. ಆಳುಗಳನ್ನ ಕರ್ಕೊಂಡು ಬರ್ತೀನಿ."

"ಎಲ್ಲಾ ಸರಿಯಾಗಿ ನೋಡ್ಕೊಂಡ್ರೆ?"

"ನೋಡ್ಕೊ ಮೊದ್ಲು. ಭಾನುವಾರ ಚಿಕ್ಕಬಳ್ಳಾಪುರಕ್ಕೆ ಹೋಗುವಂತೆ."

ಭಾನುವಾರ ಅಲ್ಲಿ ಜಿಲ್ಲಾ ಟೀಮಿನ ಸೆಲೆಕ್ಷನ್. ನಾನು ಗೋಲ್‌ಕೀಪರ್. ಏಷ್ಯಾದಲ್ಲೇ ಒಳ್ಳೇ ಗೋಲ್‌ಕೀಪರ್, ಆದ್ರೆ ಈ ವಿಷಯ ನಮ್ಮ ಬೀದಿ ದಾಟಿ ಇನ್ನೂ ಹೋಗಿಲ್ಲ. ಹೋದ ವರ್ಷ ಸೆಲೆಕ್ಷನ್ ದಿನಾನೇ ಗೂಡು ಬಿಡಿಸೋ ಕೆಲಸ ಬಂದು ನಾನು ಮನೇಲೇ ಉಳಿದೆ. ಈ ವರ್ಷ ದಾಟಿದ್ರೆ ವಯಸ್ಸು ಮೀರುತ್ತೆ.

ಮಂಗಳವಾರ ಬೆಳಿಗ್ಗೆ ಸೊಪ್ಪು ಹಾಕೋಕೆ ಹೋದೆ. ಹುಳ ಸೊಪ್ಪು ಮುಟ್ಟಲಿಲ್ಲ. ಮೈಯೆಲ್ಲಾ ನಂದಿ ದ್ರಾಕ್ಷಿ ಥರ ಹೊಳೀತಿತ್ತು, ತಲೆ ಎತ್ತಿ ಎತ್ತಿ ಅಲ್ಲಾಡಿಸ್ತಿದ್ವು. ಹಣ್ಣಾಗಿತ್ತು, ಅಂದ್ರೆ ಗೂಡು ಕಟ್ಟೋಕೆ ರೆಡಿ, ಒಂದು ದಿನ ಮುಂಚೆ.

ಆಗ ಫೋನ್ ಮಾಡ್ಬೇಕಿತ್ತು. ಫೋನ್ ಕೈಲೇ ಇತ್ತು. ಆದ್ರೆ ಅವತ್ತು ಮಧ್ಯಾಹ್ನವೇ ನಮ್ಮ ಗ್ರೂಪಿನ ಕೊನೇ ಮ್ಯಾಚು. ನಾಲ್ಕು ದೇಶದ ಗ್ರೂಪಲ್ಲಿ ಮೇಲೆ ಬಂದ ಒಂದೇ ಟೀಮು ಏಷ್ಯಾದ ಟೂರ್ನಮೆಂಟಿಗೆ ಹೋಗುತ್ತೆ. ನಾವು ಗೆಲ್ಲಬೇಕು, ಅದೇ ಹೊತ್ತಿಗೆ ಇನ್ನೊಂದು ಊರಲ್ಲಿ ನಡೆಯೋ ಮ್ಯಾಚು ಡ್ರಾ ಆಗಬೇಕು. ಅಮ್ಮ ಬಂದ್ರೆ ಎಂಟು ಜನ ಆಳು, ಹತ್ತು ಥರ ಬೈಗುಳ, ಮ್ಯಾಚು ಎಲ್ಲಿಂದ? ಅದಕ್ಕೆ ಅಮ್ಮನಿಗೆ ಮಾಡೋ ಫೋನನ್ನ ಕ್ಲಾಸ್‌ಮೇಟ್‌ಗಳಿಗೆ ಮಾಡಿದೆ. ಓದೋ ರಜ ಇತ್ತು. "ಮ್ಯಾಚಿಗೆ ಬನ್ರೋ, ಊಟ ನಮ್ಮನೇದು" ಅಂದೆ. ಹುಳದ ಸುದ್ದಿ ಎತ್ತಲಿಲ್ಲ.

ಮೂರು ಬಸ್ಸಲ್ಲಿ ಮೂರು ಜನ ಬಂದ್ರು. ನಾವು ಒಬ್ಬರನ್ನೊಬ್ಬರು ಊರಿನ ಹೆಸರಲ್ಲೇ ಕರೀತೀವಿ. ಚಿಕ್ಕಬಳ್ಳಾಪುರ ಲೆಕ್ಕದಲ್ಲಿ ಹುಲಿ. ಚಿಂತಾಮಣಿ ಖುಷಿಯಾದ್ರೂ ಸಿಟ್ಟಾದ್ರೂ ತೆಲುಗು. ಗೌರಿಬಿದನೂರು ಮೇಷ್ಟ್ರ ಮಗ, ಮೈತುಂಬ ಸ್ಪ್ರೇ ಹೊಡ್ಕೊಂಡು ಬಂದಿದ್ದ, ವಾಸನೆ ಮಂಡಿಕಲ್‌ವರೆಗೂ ಹೋಗಿರಬೇಕು. ಅವನನ್ನ ಬೋರ್‌ವೆಲ್ ಕೆಳಗೆ ನಿಲ್ಲಿಸಿ ತೊಳೆದು, ನಮ್ಮ ತಾತನ ಪಂಚೆ ಉಡಿಸಿ ಒಳಗೆ ಬಿಟ್ಟೆ.

"ಏಮಿರಾ ಇದಿ! ಮ್ಯಾಚ್ ಅಂತ ಕರೆದು ಕೂಲಿಗೆ ಹಾಕ್ತಿಯಾ?" ಅಂದ ಚಿಂತಾಮಣಿ.

"ಮೆಲ್ಲಗೆ ಕಣೋ, ಬೆಚ್ಚುತ್ತೆ."

"ನಾನೇ ಬೆಚ್ಚಿದೀನಿ," ಅಂದ ಗೌರಿಬಿದನೂರು, ಅಂಗೈ ಮೇಲೆ ಮೊದಲನೇ ಹುಳ ಇಟ್ಕೊಂಡು, ಪಂಚೆ ಜಾರದ ಹಾಗೆ ಮೊಣಕಾಲು ಒತ್ಕೊಂಡು.

ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದ್ರೆ ಬಿದಿರಿನ ತಟ್ಟಿ, ಮೇಲೆ ಸುರುಳಿ ಸುತ್ತಿದ ಬಿದಿರಿನ ಪಟ್ಟಿ. ಆ ಸುರುಳಿ ಸಂದೀಲಿ ಒಂದೊಂದು ಹುಳಕ್ಕೂ ಅದರದ್ದೇ ಜಾಗ ಸಿಗಬೇಕು. ಅಮ್ಮ ಇಪ್ಪತ್ತು ಚಂದ್ರಿಕೆ ತೊಳೆದು ಒಣಗಿಸಿ ಇಟ್ಟಿದ್ಳು. ಒಂದು ಫೋನಲ್ಲಿ ನಮ್ಮ ಮ್ಯಾಚು, ಇನ್ನೊಂದರಲ್ಲಿ ಎರಡೂ ಮ್ಯಾಚಿನ ಸ್ಕೋರು. ನಾವು ಗೋಲು ಹೊಡೆದಾಗ ಚಿಂತಾಮಣಿ ಟವಲ್ ಬಾಯಿಗೆ ತುರುಕ್ಕೊಂಡ. ನಾನು ಬರೀ ಕೈ ಎತ್ತಿದೆ, ಕೈಲಿ ಹದಿನೈದು ಹುಳ ಇತ್ತು. ಆಮೇಲೆ ಅವರೂ ಒಂದು ಹೊಡೆದ್ರು. ಸ್ಕೋರು ಒಂದು-ಒಂದು.

ಹಾಫ್ ಟೈಮಲ್ಲಿ ನೋಡ್ತೀನಿ, ಅರ್ಧ ಹುಳಾನೂ ಮುಗಿದಿಲ್ಲ.

"ಕೈ ತುಂಬ ತಗೊಂಡು ಸುರೀರೋ," ಅಂದೆ.

ಚಿಕ್ಕಬಳ್ಳಾಪುರ ಕೇಳಿದ, "ಒಂದು ಚಂದ್ರಿಕೆಗೆ ಇಷ್ಟು ಅಂತ ಲೆಕ್ಕ ಇಲ್ವೇನೋ?"

"ಅದೆಲ್ಲಾ ಅವೇ ಅಡ್ಜಸ್ಟ್ ಮಾಡ್ಕೊಳ್ತವೆ."

ಉಳಿದಿದ್ದೆಲ್ಲಾ ಇಲ್ಲಿ ಉಬ್ಬಿಸಿ ಬರೆದಿರಬಹುದು, ಈ ಮಾತು ಮಾತ್ರ ಹಂಗೇ ಅಂದಿದ್ದು. ನನಗೆ ಗೊತ್ತಿತ್ತು. ನಡೆಯೋಕೆ ಕಲಿಯೋ ಮುಂಚೆಯಿಂದ ಗೊತ್ತು. ಒತ್ತೊತ್ತಾಗಿ ಬಿಟ್ರೆ ಎರಡು ಹುಳ ಸೇರಿ ಒಂದೇ ಗೂಡು ಕಟ್ತವೆ. ಜೋಡಿ ಗೂಡು. ಅದರ ಎಳೆ ಒಂದಕ್ಕೊಂದು ಸಿಕ್ಕು ಹಾಕ್ಕೊಂಡು ನೂಲು ಬಿಚ್ಚಲ್ಲ. ಮಾರ್ಕೆಟ್ಟಿಗೆ ಹಾಕೋ ಮುಂಚೆ ಒಂದೊಂದೇ ಕೈಯಲ್ಲಿ ಆರಿಸಿ ತೆಗೀಬೇಕು.

ಹನ್ನೊಂದು ಚಂದ್ರಿಕೆಗೇ ಎಲ್ಲಾ ಹುಳ ಮುಗೀತು. ಗೌರಿಬಿದನೂರು ಪಂಚೆ ಬಿಗಿ ಮಾಡ್ಕೊಂಡು, "ಒಂಬತ್ತು ಮಿಗ್ತು ನೋಡು, ನಾವೇನು ಕಮ್ಮಿ!" ಅಂದ. ನಾನೂ ನಕ್ಕೆ.

ಮ್ಯಾಚು ಕೊನೇ ಹತ್ತು ನಿಮಿಷಕ್ಕೆ ಬಂದಿತ್ತು. ಆ ಕಡೆ ಮ್ಯಾಚು ಇನ್ನೂ ಡ್ರಾದಲ್ಲೇ. ನಮಗೆ ಒಂದೇ ಗೋಲು ಸಾಕು. ಆಗ ಒಂದು ವಿಚಿತ್ರ ಯೋಚನೆ ಬಂತು. ಮೂರು ಮ್ಯಾಚಿನಿಂದ ನಾವು ಲೆಕ್ಕ ಹಾಕ್ತಾನೇ ಇದ್ವಿ, ಇವರು ಸೋತ್ರೆ, ಅವರು ಡ್ರಾ ಮಾಡ್ಕೊಂಡ್ರೆ ಅಂತ. ಮೊದಲನೇ ಮ್ಯಾಚಲ್ಲಿ ಸುಲಭದ ಗೋಲು ಬಿಟ್ಟಿದ್ದನ್ನ ಯಾರೂ ಎತ್ತಲಿಲ್ಲ. ಕಣ್ಣು ಚಂದ್ರಿಕೆ ಕಡೆ ಹೋಯ್ತು. ಹುಳ ಒಂದರ ಮೇಲೊಂದು ಹತ್ತಿ ಜಾಗ ಹುಡುಕ್ತಿದ್ವು. ನಾನೂ ಅದೇ ಲೆಕ್ಕದಲ್ಲಿದ್ದೆ, ಅಮ್ಮ ನಾಳೆ ಬಂದ್ರೆ, ಅಷ್ಟರಲ್ಲಿ ಗೂಡು ಕಟ್ಟಿಬಿಟ್ಟಿದ್ರೆ, ಎಷ್ಟು ಬಿಟ್ಟಿದ್ವಿ ಅಂತ ಯಾರಿಗೂ ತಿಳಿಯದಿದ್ರೆ. ಎದ್ದು ಒಂದು ಖಾಲಿ ಚಂದ್ರಿಕೆ ತರೋಣ ಅನ್ನಿಸ್ತು. ಅಷ್ಟೊತ್ತಿಗೆ ನಮಗೆ ಕಾರ್ನರ್ ಸಿಕ್ತು. ಕೂತೇ ಇದ್ದೆ.

ಸ್ಕೋರಿನ ಫೋನು ವಿಡಿಯೋಗಿಂತ ಅರ್ಧ ನಿಮಿಷ ಮುಂದೆ ಓಡ್ತಿತ್ತು. ಚಿಕ್ಕಬಳ್ಳಾಪುರ ಅದನ್ನ ನೋಡಿದ. ಬಾಯಿ ತೆಗೆದ. ಬಾಗಿಲಲ್ಲಿ ಸುಣ್ಣದ ಪುಡಿ ಸರಕ್ ಅಂತು.

ಅಮ್ಮ. ಜರಿ ಸೀರೆ, ಕೈಯಲ್ಲಿ ನಾಮಕರಣದ ತಾಂಬೂಲದ ಚೀಲ. "ಕೈವಾರದಲ್ಲಿ ಬಿಸಿಲು ನೋಡಿದೆ," ಅಂದ್ಳು. "ಇವತ್ತೇ ಹಣ್ಣಾಗುತ್ತೆ ಅನ್ನಿಸ್ತು. ಊಟಕ್ಕೂ ನಿಲ್ಲಲಿಲ್ಲ."

ನಮ್ಮನ್ನಾಗಲಿ ಫೋನನ್ನಾಗಲಿ ಅವಳು ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಖಾಲಿ ಚಂದ್ರಿಕೆ ಕಡೆ ನೋಡಿದ್ಳು. ಬೆರಳಲ್ಲಿ ಎಣಿಸಿದ್ಳು, ಒಂಬತ್ತು. ಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಚಂದ್ರಿಕೆ ಎಳ್ಕೊಂಡು ಕೂತ್ಳು. ತುಂಬಿದ್ದ ಚಂದ್ರಿಕೆಯಿಂದ ಒಂದೊಂದೇ ಹುಳ ಬಿಡಿಸಿ ಅದಕ್ಕೆ ಹಾಕೋಕೆ ಶುರು ಮಾಡಿದ್ಳು. ಕೆಲವು ಆಗಲೇ ನೂಲು ಬಿಟ್ಟಿದ್ವು, ಜೋಡಿ ಜೋಡಿಯಾಗಿ. ಅವನ್ನ ಮುಟ್ಟಲಿಲ್ಲ.

"ಫೋನ್ ಆರ್ಸಿ," ಅಂದ್ಳು ಮೆಲ್ಲಗೆ, ಹುಳ ಬೆಚ್ಚದ ಹಾಗೆ.

ಆರಿಸಿದ್ವಿ. ಚಿಕ್ಕಬಳ್ಳಾಪುರದವನ ಬಾಯಿ ಇನ್ನೂ ತೆಗೆದೇ ಇತ್ತು. ನಾನು ಅವನ ಕಡೆ ನೋಡಲಿಲ್ಲ.

"ಇವತ್ತು ಬಿಟ್ಟಿರೋದರ ಗೂಡು ಭಾನುವಾರ ಬಿಡಿಸ್ಬೇಕು," ಅಂದ್ಳು ಅಮ್ಮ. "ಜೋಡಿ ಗೂಡು ಆರಿಸೋಕೆ ನೀನಿರ್ತೀಯಲ್ಲಪ್ಪಾ?"