ಬೆಸುಗೆ ಬೇಡವೆಂದ ಮಿಸ್ತ್ರಿ

ಹೋದ ತಿಂಗಳು ಮನೆಯ ಗೇಟಿನ ಕೆಲಸಕ್ಕೆಂದು ತಾರಿಹಾಳದ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ಒಳಗೆ ಯಾರೋ ಕೆಂಪಗೆ ಕಾದ ಕಬ್ಬಿಣವನ್ನು ಎಣ್ಣೆಯಲ್ಲಿ ಅದ್ದಿದರು. ಆ ಸುಟ್ಟೆಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲವೆಂಬುದು ನನಗೇ ಗೊತ್ತಿರಲಿಲ್ಲ. ಗೇಟಿನ ಮಾತನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ...

ಅರವತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯ ಒಬ್ಬ ಹತ್ತಿ ವ್ಯಾಪಾರಿಯ ಲಾರಿ ಓಡಿಸುತ್ತಿದ್ದೆ. ಕ್ಯಾಬಿನ್ನಿನ ನೆತ್ತಿಗಿಂತ ಒಂದಾಳು ಎತ್ತರ ಒತ್ತಿ ಕಟ್ಟಿದ ಹತ್ತಿಯ ಅಂಡಿಗೆ ಹೇರಿಕೊಂಡು ಅರಬೈಲ ಘಟ್ಟ ಇಳಿಯಬೇಕು. ಪ್ರತಿ ತಿರುವಿನಲ್ಲೂ ಲಾರಿಯ ಹಿಂಭಾಗ ಒಂದು ಮಗ್ಗುಲಿಗೆ ವಾಲಿ, ಮತ್ತೊಂದು ಮಗ್ಗುಲಿಗೆ ಹೊಯ್ದಾಡುತ್ತಿತ್ತು. ಸಾಹುಕಾರರಿಗೆ ಹೇಳಿದರೆ ನನ್ನನ್ನು ಪುಕ್ಕಲ ಎಂದು ನಕ್ಕರು. ಕೊನೆಗೆ ನಾನೇ ಕಾರವಾರ ರಸ್ತೆಯ ಬದಿಗೆ ಕುಲುಮೆ ಇಟ್ಟುಕೊಂಡಿದ್ದ ಮಿಸ್ತ್ರಿ ಕಾಕಾನ ಹತ್ತಿರ ಹೋದೆ.

ಕಾಕಾ ಯುದ್ಧದ ಕಾಲದಲ್ಲಿ ಮಿಲಿಟರಿ ಗಾಡಿಗಳನ್ನು ರಿಪೇರಿ ಮಾಡಿದವರು. ಮಾತು ಕಡಿಮೆ, ಮುಂಗೋಪ ಜಾಸ್ತಿ. ಲಾರಿಯ ಕೆಳಗೆ ಅಂಗಾತ ಮಲಗಿ ಬಹಳ ಹೊತ್ತು ನೋಡಿದರು. ಎರಡೂ ಹಿಂದಿನ ಗಾಲಿಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಅಡ್ಡ ರಾಡೊಂದು ಬೇಕು, ಒಂದು ಮಗ್ಗುಲು ಕುಸಿದರೆ ಅದು ತಿರುಚಿಕೊಂಡು ಇನ್ನೊಂದು ಮಗ್ಗುಲನ್ನೂ ಹಿಡಿದುಕೊಳ್ಳುತ್ತದೆ ಎಂದರು. ಅಂಥದ್ದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಮೊದಲು ತೆಳ್ಳನೆಯ ತಂತಿಯಲ್ಲಿ ಅದರ ಆಕಾರ ಬಗ್ಗಿಸಿದರು. ಒಂದು ಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿ, ತಂತಿ ಎಲ್ಲಿಯೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಗುಜರಿಯಲ್ಲಿ ಹುಡುಕಿ ತಂದ ದಪ್ಪ ಸ್ಪ್ರಿಂಗ್ ಉಕ್ಕಿನ ಸರಳನ್ನು ಕಾಸಿ, ಎರಡೂ ತುದಿ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ ಹದ ಮಾಡಿದರು. ಹಳೇ ಟೈರಿನ ತುಂಡು ಸುತ್ತಿ, ಹಿಂದಿನ ಅಚ್ಚಿಗೆ ಪಟ್ಟಿ ಹಾಕಿ ಬೋಲ್ಟು ಬಿಗಿದರು. ಎಂಟು ದಿನದ ಕೆಲಸ.

ಎದ್ದು ಕೈ ಒರೆಸಿಕೊಳ್ಳುತ್ತ ಹೇಳಿದರು: "ಇದಕ್ಕ ಇನ್ನ ಬೆಂಕಿ ತಗಲಬಾರದು, ತಮ್ಮಾ. ಬೆಸಗಿ ಹಚ್ಚಿದರ ಹದಾ ಹೋಗತೈತಿ. ಅಲ್ಲೇ ಮುರೀತೈತಿ."

ಮುಂದಿನ ಸಲ ಘಟ್ಟದಲ್ಲಿ ಲಾರಿ ವಾಲಲಿಲ್ಲ. ಖುಷಿಯಿಂದ ಹೋಗಿ ಸಾಹುಕಾರರಿಗೆ ಹೇಳಿದೆ. ಅದೇ ನಾನು ಮಾಡಿದ ಮೊದಲ ತಪ್ಪು. ವಾಲದ ಲಾರಿಗೆ ಇನ್ನೂ ಎರಡು ಸಾಲು ಅಂಡಿಗೆ ಹೇರಿಸಿದರು. ಆ ಭಾರಕ್ಕೆ ರಾಡು ಪಟ್ಟಿಯೊಳಗೇ ಅತ್ತಿತ್ತ ಸರಿಯತೊಡಗಿತು. ಕಾಕಾನನ್ನು ಕರೆಸಿದರೆ ಅವರು ಲಾರಿಯ ಕೆಳಗೆ ಬಗ್ಗಲೂ ಇಲ್ಲ. ಮೇಲೆ ನೋಡಿ, "ಇದು ಇದ್ದ ಮಾಲ ನೆಟ್ಟಗ ಇಳೀಲಿ ಅಂತ ಮಾಡಿದ್ದರಿ, ಹೆಚ್ಚಿಗಿ ಹೇರಾಕಲ್ಲ. ಮ್ಯಾಲಿಂದು ಇಳಸ್ರಿ," ಎಂದು ಹೊರಟೇಹೋದರು.

ಸಾಹುಕಾರರು ಬೇರೊಬ್ಬನನ್ನು ಕರೆಸಿ ಪಟ್ಟಿಯನ್ನು ರಾಡಿಗೇ ಬೆಸುಗೆ ಹಾಕಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮಿಸ್ತ್ರಿ ಬೇಡವೆಂದಿದ್ದಾರೆ ಎಂದು ಒಮ್ಮೆ ಅಂದೆ. ಸಾಹುಕಾರರು ತಿರುಗಿ ನೋಡಿದರು.

ಮೂರನೆಯ ಸಲ ಘಟ್ಟ ಇಳಿಯುವಾಗ ಹಿಂದೆ ಫಟ್ ಎಂದಿತು. ಸ್ಟೇರಿಂಗ್ ತಿರುಗಿಸುವಷ್ಟರಲ್ಲಿ ಲಾರಿ ಗುಡ್ಡದ ಕಡೆ ಮಗುಚಿಕೊಂಡಿತ್ತು. ನನ್ನ ಭುಜ ಮುರಿಯಿತು. ನಾಲ್ಕು ವರ್ಷ ನನ್ನ ಜೊತೆ ತಿರುಗಿದ, ಅಂಡಿಗೆಗಳ ಮೇಲೆ ಕೂತಿದ್ದ ಹಮಾಲ ಅಲ್ಲೇ ತೀರಿಕೊಂಡ.

ವಿಚಾರಣೆಯಲ್ಲಿ ಸಾಹುಕಾರರು, ರಸ್ತೆ ಬದಿಯ ಮಿಸ್ತ್ರಿ ಮಾಡಿದ ಹುಚ್ಚು ಕೆಲಸದಿಂದ ಹೀಗಾಯಿತು ಎಂದರು. ಅದಕ್ಕೂ ಮೊದಲೇ ಆಸ್ಪತ್ರೆಗೆ ಬಂದು, ಭುಜ ನೆಟ್ಟಗಾದ ಮೇಲೂ ನೀನೇ ನನ್ನ ಡ್ರೈವರ್ ಎಂದು ನನಗೆ ಮಾತು ಕೊಟ್ಟು ಹೋಗಿದ್ದರು. ವಿಚಾರಣೆಗೆ ಬಂದ ಪೊಲೀಸ್ ಸಾಹೇಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಮಿಸ್ತ್ರಿ ಬಿಟ್ಟು ಬೇರೆ ಯಾರಾದರೂ ಆ ರಾಡಿಗೆ ಕೈ ಹಚ್ಚಿದ್ದರೇ?

"ನನಗ ಗೊತ್ತಿಲ್ಲರಿ."

ಕಾಕಾನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದರು. ಹಮಾಲನ ಓಣಿಯವರು ಬಂದು ಕುಲುಮೆ ಒಡೆದುಹಾಕಿದರು. ಒಂದೇ ಒಂದು ಲಾರಿಯೂ ಅವರ ಬಾಗಿಲಲ್ಲಿ ನಿಲ್ಲದಂತಾಯಿತು. ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಬೈಯಲಿ, ಹೊಡೆಯಲಿ ಎಂದು ಕಾದೆ. ಕೈಯಲ್ಲಿ ಮುರಿದ ರಾಡಿನ ತುಂಡಿತ್ತು. ಬೆಸುಗೆಯ ಅಂಚಿನಲ್ಲೇ, ಚಾಕುವಿನಿಂದ ಕೊಯ್ದ ಹಾಗೆ ಮುರಿದಿತ್ತು.

"ಎಲ್ಲಿ ಮುರದೈತಿ, ನೋಡಿದಿ?"

"ನೋಡೇನಿ, ಕಾಕಾ."

"ನಿನಗ ಗೊತ್ತೈತಲ್ಲ. ಸಾಕು."

ನೀರು ಕೊಟ್ಟರೆ ಕುಡಿಯಲಿಲ್ಲ. ಆ ವಾರವೇ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟರು. ಸಾಹುಕಾರರ ಮೇಲೆ ನನಗೆ ಸಿಟ್ಟಿತ್ತು, ಆದರೂ ಇನ್ನೂ ಒಂಬತ್ತು ವರ್ಷ ಅವರದೇ ಲಾರಿ ಓಡಿಸಿದೆ. ಕಾಕಾನ ಮೇಲೂ ಸಿಟ್ಟಿತ್ತು. ಒಂದು ಏಟು ಹೊಡೆದಿದ್ದರೆ ಏನಾಗುತ್ತಿತ್ತು ಅವರಿಗೆ...

ಸಾಹುಕಾರರು ತೀರಿಕೊಂಡ ಮೇಲೆ ಗದಗು, ಕೊಪ್ಪಳದ ಗ್ಯಾರೇಜುಗಳಲ್ಲಿ ಕಾಕಾನನ್ನು ಹುಡುಕಿದೆ. ಕೊಪ್ಪಳದಲ್ಲಿ ಒಬ್ಬರು, ಅಂಥವರೊಬ್ಬರು ಎತ್ತಿನ ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕಿಕೊಂಡು ಇದ್ದರು, ಹೋಗಿ ಎರಡು ವರ್ಷವಾಯಿತು ಎಂದರು. ಹೋದದ್ದು ಎಲ್ಲಿಗೆ ಎಂದು ಕೇಳಿದೆ. ಅವರು ಮೇಲೆ ಕೈ ತೋರಿಸಿದರು.

ಅಂದು ನನ್ನನ್ನು ಪ್ರಶ್ನೆ ಕೇಳಿದ ಸಾಹೇಬರೂ ಈಗ ಇರಲಿಕ್ಕಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತೇನೆ: ಬೆಸುಗೆ ಹಾಕಿಸಿದವರು ಸಾಹುಕಾರರು. ನಾನು ಕಣ್ಣಾರೆ ಕಂಡಿದ್ದೇನೆ.