ರಸ್ತೆಯ ಗುರುತಿಗೆ ಹೂವಿಟ್ಟೆ

“ಅಹೋ ಕಾಕೂ, ಅದು ದೇವರಲ್ಲ! ರಸ್ತೆ ಅಗಲ ಮಾಡೋಕೆ ನಾವು ಬಳಿದ ಕೆಂಪು ಗುರುತು,” ಎಂದು ಅಳತೆಗೆ ಬಂದ ಇಂಜಿನಿಯರ್ ಮರಾಠಿಯಲ್ಲಿ ಚಿಕ್ಕಮ್ಮ ಎಂದು ಕರೆದು ನಕ್ಕಾಗ ನನ್ನ ಕೈಯಲ್ಲಿ ಅರಿಶಿನದ ಬಟ್ಟಲಿತ್ತು. ನೌಪಾಡಾದ ನಮ್ಮ ಬೀದಿಯ ಅರಳಿಕಟ್ಟೆಯ ಕಲ್ಲಿಗೆ ಯಾರೋ ಕುಂಕುಮ ಹಚ್ಚಿದ್ದಾರೆಂದು ನಾನು ವಾರದಿಂದ ಹೂವಿಟ್ಟು ಕೈಮುಗಿಯುತ್ತಿದ್ದೆ.

ರಸ್ತೆ ಅಲ್ಲಿಯವರೆಗೆ ಬಂದರೆ ಕಟ್ಟೆಯ ಪಕ್ಕ ಹೂ ಮಾರುವ ಸುಮನ್‌ಬಾಯಿ ಜಾಗ ಬಿಡಲೇಬೇಕು. “ನನ್ನನ್ನ ಎಬ್ಬಿಸೋ ಗುರುತಿಗೆ ನನ್ನ ಹೂವೇ ಏರಿಸಿದೆಯಲ್ಲೇ!” ಎಂದು ಅವಳು ನಕ್ಕಳು, ಕಣ್ಣು ತುಂಬಿತ್ತು.

“ಬದಲಿ ಜಾಗದ ಪಟ್ಟಿಯಲ್ಲಿ ಇವಳ ಹೆಸರು ಇದೆಯಾ?” ಎಂದು ಕೇಳಿದೆ. ಇಂಜಿನಿಯರ್ ಕೈಯಲ್ಲಿದ್ದ ಕಾಗದಗಳಲ್ಲಿ ಹುಡುಕಿದರು, ಇರಲಿಲ್ಲ. ಚಪ್ಪಲಿ ಕಳಚಿ ಕಟ್ಟೆಯ ಮೇಲೆ ಕುಳಿತು ಅವಳ ಹೆಸರನ್ನು ತಾವೇ ಬರೆದುಕೊಂಡರು.

ಜಾಗ ಸಿಕ್ಕೀತೋ ಇಲ್ಲವೋ ಗೊತ್ತಿಲ್ಲ. ನನ್ನ ದಡ್ಡತನವನ್ನಂತೂ ದೇವರು ವ್ಯರ್ಥ ಮಾಡಲಿಲ್ಲ.